ಔಷಧಿ ಹಾಕದ ಅರಿಶಿನ

ಶಿವರತ್ನಮ್ಮನ ಅರಿಶಿನದ ಎಲೆಗಳು ಬೀಡಿಯಂತೆ ಸುರುಳಿ ಸುತ್ತಿಕೊಂಡಿದ್ದವು. ಅದೂ ಬೆಳಗಿನ ಹೊತ್ತಿನಲ್ಲೇ. ಮಧ್ಯಾಹ್ನ ಆ ಎಲೆಯ ಮೇಲೆ ನಡೆಯಲು ಹೋದ ಇರುವೆಯೊಂದು ಜಾರಿ ಬಿದ್ದು ಸೊಂಟ ಮುರಿದುಕೊಂಡಿತು. ನಾನೇ ಕಣ್ಣಾರೆ ಕಂಡೆ. ಅದನ್ನು ಹೊತ್ತುಕೊಂಡು ಹೋಗಲು ನಾಲ್ಕು ಇರುವೆಗಳು ಬಂದವು. ಶಿವರತ್ನಮ್ಮನನ್ನು ಕೇಳಲು ಯಾರೂ ಬರಲಿಲ್ಲ.

ಮಳೆ ಇಲ್ಲದೆ ಒಣಗಿದ್ದಲ್ಲ. ಬದುವಿನಾಚೆ ಪರಮೇಶನ ಅರಿಶಿನ ಎದೆಯೆತ್ತರ ನಿಂತು ತೊನೆಯುತ್ತಿತ್ತು. ಎರಡಕ್ಕೂ ಒಂದೇ ಬೋರ್‌ವೆಲ್. ಶಿವರತ್ನಮ್ಮನ ಕಡೆಯ ವಾಲ್ವಿಗೆ ಮಾತ್ರ ಚೈನು, ಚೈನಿಗೆ ಬೀಗ.

ಮಧುವನಹಳ್ಳಿ ಕಡೆಯ ಆ ಜಮೀನೆಲ್ಲ ಪರಮೇಶನದು. ಅವನ ಹೊಲದಲ್ಲಿ ಕಾಗೆ ಕೂಡ ಅಪ್ಪಣೆ ಕೇಳಿ ಕೂರುತ್ತದೆ. ತಗ್ಗಿನ ಅರ್ಧ ಎಕರೆಯನ್ನು ಶಿವರತ್ನಮ್ಮ ಮತ್ತು ಅವಳ ಗಂಡ ಚಿಕ್ಕಮಾದಯ್ಯ ವಾರಕ್ಕೆ ಮಾಡುತ್ತಿದ್ದರು. ಮೈ ಮುರಿಯುವುದು ಇವರು, ಬೆಳೆದದ್ದರಲ್ಲಿ ಅರ್ಧ ಅವನಿಗೆ. ಬಿತ್ತನೆ ಗೆಡ್ಡೆ ಶಿವರತ್ನಮ್ಮನದೇ. ಇದ್ದುದನ್ನೆಲ್ಲ ನೆಟ್ಟುಬಿಟ್ಟಿದ್ದಳು. ಈ ಬೆಳೆ ಹೋದರೆ ಈ ವರ್ಷದ ಅನ್ನವೂ ಹೋಯಿತು, ಬರುವ ವರ್ಷದ ಬಿತ್ತನೆಯೂ ಹೋಯಿತು.

ಆ ವರ್ಷ ನಮ್ಮೂರಿಗೆ ಪ್ರೋಟೀನ್ ಬಂತು. ಮನುಷ್ಯರಿಗಲ್ಲ, ಗಿಡಗಳಿಗೆ. ಪ್ರೋಟೀನಿನದೇ ತುಣುಕು, ಅಮೈನೋ ಆಮ್ಲ ಎಂದು ಅದರ ಹೆಸರು. ಕೊಳ್ಳೇಗಾಲದಿಂದ ಬಂದ ಕಂಪನಿ ಸಾಹೇಬ, ಅದನ್ನು ಎಲೆಗೆ ಸಿಂಪಡಿಸಿದರೆ ಗಿಡ ಬಿಸಿಲಿಗೂ ತಡೆಯುತ್ತದೆ, ರೋಗಕ್ಕೂ ತಡೆಯುತ್ತದೆ ಎಂದ. ಪರಮೇಶ ಅದರ ಏಜೆನ್ಸಿ ಕೇಳಿದ.

"ಕೊಡೋಣ ಪರಮೇಶಣ್ಣ. ಮೊದ್ಲು ನಿಮ್ಮ ಹೊಲದಲ್ಲಿ ರೈತರಿಗೆ ತೋರಿಸ್ಬೇಕು. ಪಕ್ಕದಲ್ಲೇ ಔಷಧಿ ಹಾಕದ ಬೆಳೆನೂ ಇರ್ಬೇಕು. ಕಂಟ್ರೋಲ್ ಪ್ಲಾಟ್ ಅಂತೀವಿ. ನೀರು, ಗೊಬ್ಬರ ಎಲ್ಲ ಎರಡಕ್ಕೂ ಒಂದೇ ಸಮ."

"ಒಂದೇ ಸಮ ಕೊಟ್ಟು ಅದೂವೆ ಚೆನ್ನಾಗ್ ಬಂದ್ಬುಟ್ರೆ ನಿಮ್ ಔಷಧಿಯ ಯಾರ್ ಸಾ ತಕತ್ತಾರೆ?"

ಸಾಹೇಬ ದೂರದ ಗದ್ದೆಯಲ್ಲಿ ಕೂತಿದ್ದ ಬೆಳ್ಳಕ್ಕಿಯನ್ನು ಬಹಳ ಆಸಕ್ತಿಯಿಂದ ನೋಡಿದ. ಮಾರನೆಯ ದಿನ ವಾಲ್ವಿಗೆ ಬೀಗ ಬಿತ್ತು.

ಚಿಕ್ಕಮಾದಯ್ಯ ಕೈ ಕಟ್ಟಿಕೊಂಡು ಹೋಗಿ ಅಂಗಳದ ಕೆಳಗೆ ನಿಂತ.

"ಬುದ್ದಿ, ಬೆಳೆ ಒಣಗೋಯ್ತಾ ಅದೆ. ವಸಿ ನೀರ್ ಬುಡಿ."

ಪರಮೇಶ ಬೈಯಲಿಲ್ಲ. ಬೈದಿದ್ದರೆ ಮಾದಯ್ಯನಿಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ನಕ್ಕ.

"ಮಾದಯ್ಯ, ನಿನ್ ಮನೆ ಯಾರ್ ಜಾಗದಲ್ಲಿ ಅದೆಯ್ಯಾ?"

"ನಿಮ್ದೇ ಬುದ್ದಿ."

"ಗ್ಯಾಪ್ಕ ಅದೆಯಲ್ಲ, ಸಾಕು. ಓಗು."

ಅಂದಿನಿಂದ ಮಾದಯ್ಯ ತಟ್ಟೆ ಮುಂದೆ ಕೂತರೆ ಅನ್ನ ಕಲಸುವುದು, ಬಿಡುವುದು. ಬಾಗಿಲ ಬಳಿ ಬೈಕ್ ಸದ್ದಾದರೆ ಎದ್ದು ನಿಲ್ಲುವುದು. ಒಮ್ಮೆ ಹಾಲಿನವನ ಬೈಕಿಗೂ ಕೈಮುಗಿದ.

ರೈತರು ಬರುವ ಒಂದು ವಾರ ಮೊದಲು ಪರಮೇಶನ ಟ್ರ್ಯಾಕ್ಟರ್ ಬಂದು ಬದುವಿನ ಮೇಲೆ ಎಲೆಯ ರಾಶಿ ಸುರಿಯಿತು. ಯಾವುದೋ ಹೊಲದ ಅರಿಶಿನದ ಎಲೆ. ಮೈತುಂಬ ಕಂದು ಚುಕ್ಕೆ.

"ಇದ ನಿಮ್ ಸಾಲಲ್ಲೆಲ್ಲ ಹರವ್ಬುಡು, ರತ್ನಮ್ಮ" ಎಂದ ಪರಮೇಶ.

"ಇದು ಚುಕ್ಕೆ ರೋಗ ಕನ ಬುದ್ದಿ! ಗಿಡಕ್ಕೆಲ್ಲ ಅಂಟ್ಕತ್ತದೆ."

"ಅಂಟ್ಕಳ್ಳಿ ಅಂತ್ಲೇ ಏಳ್ತಿರೋದು."

ಅವಳು ಗಂಡನ ಮುಖ ನೋಡಿದಳು. ಮಾದಯ್ಯ ನೆಲ ನೋಡುತ್ತಿದ್ದ. ಪರಮೇಶ ಮೊಬೈಲ್ ನೋಡುತ್ತಿದ್ದ. ಶಿವರತ್ನಮ್ಮ ಎಲೆಯನ್ನು ಮಡಿಲಿಗೆ ತುಂಬಿಕೊಂಡು ತನ್ನ ಕೈಯಾರೆ ಸಾಲು ಸಾಲಿಗೂ ಹಾಕಿದಳು. ಹಾಕುವಾಗ ಪ್ರತಿ ಬುಡಕ್ಕೂ ಏನೋ ಹೇಳುತ್ತಿದ್ದಳು. ಹತ್ತಿರ ಹೋಗಿ ಕೇಳುವ ಧೈರ್ಯ ನನಗಾಗಲಿಲ್ಲ.

ಆ ದಿನ ಬಂತು. ಹೊನ್ನೂರು, ಒಡೆಯರಪಾಳ್ಯದ ಕಡೆಯಿಂದ ಎರಡು ಬಸ್ಸಿನ ತುಂಬ ಜನ. ಶಾಮಿಯಾನ, ಮೈಕು, ಬದುವಿನ ಮೇಲೆ ಕೆಂಪು ಕಾರ್ಪೆಟ್ಟು. ಯಾರೂ ಕಾರ್ಪೆಟ್ಟು ಬಿಟ್ಟು ಹೊಲಕ್ಕೆ ಇಳಿಯಬಾರದು, ಗಿಡಕ್ಕೆ ತೊಂದರೆಯಾಗುತ್ತದೆ ಎಂದು ಮೈಕಿನಲ್ಲಿ ಹೇಳಿದರು. ಒಂದು ಕಡೆ 'ಔಷಧಿ ಹಾಕಿದ ಅರಿಶಿನ' ಎಂಬ ಬೋರ್ಡು, ಇನ್ನೊಂದು ಕಡೆ 'ಔಷಧಿ ಹಾಕದ ಅರಿಶಿನ'. ಬಂದವರಿಗೆಲ್ಲ ನೀರಿನ ಬಾಟಲಿ ಹಂಚುವ ಕೆಲಸ ಶಿವರತ್ನಮ್ಮನದು.

ಸಾಹೇಬ ಮೈಕು ಹಿಡಿದ. ಸುಳ್ಳು ಹೇಳಿದನೆಂದು ನಾನು ಹೇಳಲಾರೆ. "ನೀರು ಕಮ್ಮಿ ಆದಾಗ ಗಿಡ ಹೆದರ್ತದೆ ಸ್ವಾಮಿ. ಹೆದರಿ ತನ್ನೊಳಗೇ ಪ್ರೋಲೀನ್ ಅನ್ನೋ ಅಮೈನೋ ಆಮ್ಲ ಕೂಡಿಟ್ಕೊಳ್ತದೆ. ಒಳಗಿನ ಪಸೆ ಹಿಡಿದಿಡೋಕೆ. ಒಂದು ಎಲೆಗೆ ಹುಳ ಬಾಯಿ ಹಾಕಿದ್ರೆ ಗ್ಲುಟಮೇಟ್ ಅನ್ನೋದು ಇನ್ನೊಂದು ಎಲೆಗೆ ಸುದ್ದಿ ಮುಟ್ಟಿಸ್ತದೆ, ಹುಷಾರಾಗು ಅಂತ. ಆ ಶಕ್ತಿನೇ ನಾವು ಬಾಟ್ಲಲ್ಲಿ ಕೊಡ್ತಿರೋದು. ಈಗ ಆ ಕಡೆ ನೋಡಿ. ಈ ಯಮ್ಮ ನಮ್ಮ ಔಷಧಿ ಹಾಕ್ಲಿಲ್ಲ."

ಎಲ್ಲರೂ ಶಿವರತ್ನಮ್ಮನತ್ತ ತಿರುಗಿದರು. ಕೆಲವರು ನಕ್ಕರು. ಒಡೆಯರಪಾಳ್ಯದ ಕಡೆಯ ಪುಟ್ಟಬಸಮ್ಮ ಎಂಬ ಮುದುಕಿ ಕೇಳಿಯೇ ಬಿಟ್ಟಳು:

"ಅಲ್ಲ ಕನವ್ವಾ, ಗಿಡ ಇಂಗ್ ಸಾಯಗಂಟ ನೀ ಎಲ್ ಮಲಗಿದ್ದೆ?"

ಪರಮೇಶ ಶಿವರತ್ನಮ್ಮನನ್ನೇ ನೋಡುತ್ತಿದ್ದ, ಅದೇ ನಗು. ಅವಳು ಕೈಯಲ್ಲಿದ್ದ ಬಾಟಲಿಯ ಮುಚ್ಚಳ ತಿರುಗಿಸಿದಳು. ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತು. ಉಳಿದದ್ದನ್ನು ಬದುವಿನಿಂದಿಳಿದು ಒಂದು ಗಿಡದ ಬುಡಕ್ಕೆ ಸುರಿದಳು.

ಮಣ್ಣು ಚುಯ್ ಎಂದಿತು. ಬಿಸಿ ಕಾವಲಿಗೆ ನೀರು ಹನಿಸಿದಂತೆ. ಮೈಕಿಲ್ಲದೆಯೇ ಎಲ್ಲರಿಗೂ ಕೇಳಿತು.

ಪುಟ್ಟಬಸಮ್ಮ ಚಪ್ಪಲಿ ಬಿಟ್ಟು ಹೊಲಕ್ಕಿಳಿದಳು. ಹಿಡಿ ಮಣ್ಣೆತ್ತಿ ಅಮುಕಿದಳು. ಬೆರಳ ಸಂದಿಯಿಂದ ಧೂಳು ಹಾರಿತು. ಬದು ದಾಟಿ ಪರಮೇಶನ ಸಾಲಿಗೆ ಹೋಗಿ ಅಲ್ಲಿಯ ಮಣ್ಣೆತ್ತಿ ಅಮುಕಿದಳು. ಅದು ರಾಗಿಮುದ್ದೆಯಂತೆ ಕೈಯಲ್ಲಿ ಕೂತಿತು.

"ಸಾ, ನಿಮ್ ಔಷಧಿಯ ಎಲೆಗ್ ಒಡುದ್ರೋ, ಮಣ್ಣಿಗ್ ಒಡುದ್ರೋ?"

"ಅಜ್ಜಿ, ಕಾರ್ಪೆಟ್ ಮೇಲೆ ಬನ್ನಿ" ಎಂದ ಸಾಹೇಬ.

"ವಾಲ್ವಿಗ್ ಬೀಗ ಆಕವ್ರೆ ಕನವ್ವಾ" ಎಂದಳು ಶಿವರತ್ನಮ್ಮ. ದನಿ ಅವಳದೇ ಎಂದು ಅವಳಿಗೇ ನಂಬಿಕೆಯಾಗಲಿಲ್ಲ. "ರೋಗದ ಎಲೆಯೂವೆ ನನ್ ಕೈಲೇ ಆಕಿಸುದ್ರು. ನನ್ ಬಿತ್ನೆ ಕನವ್ವಾ ಇದು. ಇನ್ನೆಲ್ಲೂ ಇಲ್ಲ."

ಪುಟ್ಟಬಸಮ್ಮ ತನ್ನ ಬಾಟಲಿ ಬಿಚ್ಚಿ ಎರಡನೆಯ ಬುಡಕ್ಕೆ ಸುರಿದಳು. ಹೊನ್ನೂರಿನವನೊಬ್ಬ ಮೂರನೆಯದಕ್ಕೆ. ಆಮೇಲೆ ಕಾರ್ಪೆಟ್ಟಿನ ಮೇಲೆ ಸಾಹೇಬನೂ ಮೈಕೂ ಮಾತ್ರ ಉಳಿದವು.

ಪರಮೇಶ ಮಾದಯ್ಯನ ಬಳಿ ಬಂದು ಮೆಲ್ಲಗೆ ಹೇಳಿದ. "ನಾಳಿಕೆ ಮನೆ ಖಾಲಿ ಮಾಡ್ಬೇಕಾಯ್ತದೆ. ನಿನ್ ಎಂಡ್ರುಗೆ ಏಳು."

ಮಾದಯ್ಯ ನಡೆದು ಹೋಗಿ ವಾಲ್ವಿನ ಪಕ್ಕ ಕೂತ. "ನೀವೇ ಏಳಿ ಬುದ್ದಿ. ಎಲ್ಲರ್ಗೂ ಕೇಳಂಗೆ ಏಳಿ."

ಬಸ್ಸು ಹಾರ್ನ್ ಹೊಡೆಯಿತು. ಊಟ ಆರುತ್ತದೆ ಎಂದು ಸಾಹೇಬ ಕೂಗಿದ. ಪುಟ್ಟಬಸಮ್ಮ ಒಣಗಿದ ಸಾಲಿನ ನಡುವೆ ಸೀರೆ ಒದರಿಕೊಂಡು ಕೂತಳು. ಅವಳ ಹಿಂದೆ ಒಬ್ಬೊಬ್ಬರೇ ಕೂತರು.

"ಬೀಗದ ಕೈ ಮನೇಲದೆ" ಎಂದ ಪರಮೇಶ. ಈಗ ನಗು ಇರಲಿಲ್ಲ.

"ಓಗಿ ತಕಂಡು ಬಾಪ್ಪಾ" ಎಂದಳು ಮುದುಕಿ. "ನಾವೇನ್ ಎದ್ದೋಗಕಿಲ್ಲ."