ಜಪ್ಪಯ್ಯ ಅಂದರೂ ಇಳಿಯದ ಅಂಕಿ

ಆರು ತಿಂಗಳಿಂದ ಕನ್ವೆಕ್ಷನ್ ಓವನ್ನಿಗೆ ಇಟ್ಟ ಕೇಕುಗಳೆಲ್ಲ ಕರಕಲಾಗುತ್ತಿದ್ದವು. ಓವನ್ನೇ ಕೆಟ್ಟಿದೆ ಎಂದ ಸೊಸೆಯ ಬಾಯನ್ನು ಅತ್ತೆ, "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಮುಚ್ಚಿಸಿದ್ದರು.

ಕೊನೆಗೆ ಮಾವ ಕರೆಸಿದ ರಿಪೇರಿಯವನು ಪ್ಲಗ್ ಕಿತ್ತು, ಶಾಖ ಅಳೆಯುವ ಸೆನ್ಸರನ್ನು ಬಿಚ್ಚಿ ಮೀಟರಿಗೆ ಸಿಕ್ಕಿಸಿದ. ಮನೆಯಲ್ಲಿ ಯಾರು ಹೆಚ್ಚು ಮಾತಾಡುತ್ತಾರೋ ಅವರ ಕೈಗೇ ಸೆನ್ಸರನ್ನು ಕೊಡುವುದು ಅವನ ರೂಢಿ.

"ಅಮ್ಮಾ, ಮುಷ್ಟೀಲಿ ಹಿಡ್ಕೊಳ್ಳಿ. ಬಿಸಿ ಏರಿದಷ್ಟೂ ಇದರ ರೆಸಿಸ್ಟೆನ್ಸ್ ಕಮ್ಮಿಯಾಗುತ್ತೆ; ಸರಿಯಿದ್ರೆ ಕೈ ಬಿಸಿಗೆ ಮೀಟರಿನ ಅಂಕಿ ಇಳೀಬೇಕು."

ಅತ್ತೆ ಐದು ನಿಮಿಷ ಬಿಗಿಯಾಗಿ ಹಿಡಿದರು. ಅಂಕಿ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

"ಒಳಗೆ ಎಷ್ಟೇ ಬೆಂದ್ರೂ ಇದಕ್ಕೆ ಗೊತ್ತಾಗಲ್ಲ. ಎಲ್ಲ ತಣ್ಣಗಿದೆ ಅಂತ್ಲೇ ಹೇಳುತ್ತೆ. ಓವನ್ ಇನ್ನಷ್ಟು ಉರಿಸುತ್ತೆ," ಎಂದು ಅವನು ಹೊಸ ಸೆನ್ಸರ್ ಹಾಕಿದ. "ಹಳೇದನ್ನ ಬಿಸಾಡ್ಲಾ?"

"ಬೇಡ," ಎಂದಳು ಸೊಸೆ. "ಅತ್ತೆ ಕೈಯಲ್ಲೇ ಇರ್ಲಿ."