ಮತ್ತೊಂದು ಸನ್ಮಾನ

"ಬಾಯಿ ತೆಗಿ," ಎಂದಳು ಶಿವಲಿಂಗಮ್ಮ. ವೇದಿಕೆಯ ಹಿಂದೆ, ಪರದೆಯ ಸಂದಿಯಿಂದ ಬರುತ್ತಿದ್ದ ಬೆಳಕಿನಲ್ಲಿ ಮಗಳ ಗಂಟಲನ್ನು ಇಣುಕಿ ನೋಡಿದಳು. ಕಾಣುವಂಥದ್ದೇನೂ ಇರಲಿಲ್ಲ. ಕೆಂಪಗೆ, ಒದ್ದೆಯಾಗಿ, ಎಲ್ಲ ಮಕ್ಕಳ ಗಂಟಲಿನಂತೆಯೇ ಇತ್ತು.

ಹೇಮಾ ಬಾಯಿ ಮುಚ್ಚಿಕೊಂಡು ಜರಿಲಂಗದ ಮೇಲೆ ಕೂತ ನೊಣ ಓಡಿಸಿದಳು. ತಿಂಗಳ ಮಟ್ಟಿಗೆ ಹಾಡಕೂಡದು, ಆದಷ್ಟು ಮಾತೂ ಬೇಡ ಎಂದು ಡಾಕ್ಟರು ಹೇಳಿ ಇನ್ನೂ ವಾರವಾಗಿರಲಿಲ್ಲ.

ಚಳಿಗಾಲದಲ್ಲಿ ಅವಳು ಯುರೋಪಿನ ಒಂದು ಊರಿಗೆ ಹೋಗಿ, ದೇಶದೇಶಗಳ ಮಕ್ಕಳ ಹಾಡಿನ ಸ್ಪರ್ಧೆಯಲ್ಲಿ ಭಾರತದ ಪರವಾಗಿ ಹಾಡಿ ಬಂದಿದ್ದಳು. ಮುನಿರಾಬಾದಿನ ನೀರಾವರಿ ಕಾಲನಿಯ ಹುಡುಗಿ ಅಷ್ಟೆಲ್ಲ ಆಯ್ಕೆಯ ಸುತ್ತುಗಳನ್ನು ದಾಟಿ ಅಲ್ಲಿಗೆ ಮುಟ್ಟಿದ್ದೇ ಸೋಜಿಗ. ಜೊತೆಗೆ ಹೋದವಳು ಶಿವಲಿಂಗಮ್ಮನೇ. ಅಂಕಗಳ ಫಲಕದಲ್ಲಿ ಭಾರತದ ಹೆಸರು ಮೇಲೇರಲೇ ಇಲ್ಲ. ಕೊನೆಗೆ ಅದರ ಕೆಳಗೆ ಒಂದೇ ಒಂದು ದೇಶ ಉಳಿದಿತ್ತು. ಹೇಮಾ ಅಳಲಿಲ್ಲ. ಕೋಣೆಗೆ ಬಂದು ಬೂಟು ಬಿಚ್ಚುತ್ತ, "ಅವ್ವಾ, ಆ ಕೊನೀ ನಂಬರಿನ ಹುಡುಗಿ ಭಾಳ ಛಲೋ ಹಾಡಿದ್ಳು," ಎಂದಿದ್ದಳು.

ಆದರೆ ಊರಿಗೆ ಬರುವಷ್ಟರಲ್ಲಿ ಜನರ ಬಾಯಲ್ಲಿ ಅವಳು ಗೆದ್ದುಬಿಟ್ಟಿದ್ದಳು. ಸ್ಟೇಷನ್ನಿನ ಹೊರಗೆ ಡೊಳ್ಳು, ತೆರೆದ ಜೀಪು. ಫ್ಲೆಕ್ಸಿನಲ್ಲಿ ಅವಳ ಮುಖದ ಹಿಂದೆ ಒಂದು ಭೂಮಂಡಲ. ಆಮೇಲೆ ಗಂಗಾವತಿ, ಕುಷ್ಟಗಿ, ಶ್ರೀರಾಮನಗರ: ಶಾಲೆಯ ವಾರ್ಷಿಕೋತ್ಸವ, ಬಟ್ಟೆ ಅಂಗಡಿಯ ಉದ್ಘಾಟನೆ, ಯಾರದೋ ಮದುವೆ. ಎಲ್ಲೆಡೆಯೂ ಅದೇ ಹಾಡು. "ನಾ ಗೆದ್ದಿಲ್ರಿ," ಎಂದು ಹೇಮಾ ಮೊದಮೊದಲು ಹೇಳುತ್ತಿದ್ದಳು. ಜನ ಅದನ್ನು ವಿನಯವೆಂದುಕೊಂಡು ಇನ್ನಷ್ಟು ಮೆಚ್ಚಿದರು. ಅವಳು ಹೇಳುವುದನ್ನು ಬಿಟ್ಟಳು.

ಅವಳಪ್ಪ ಲಕ್ಷ್ಮಣಪ್ಪ ನೀರಾವರಿ ಕಚೇರಿಯ ನೌಕರ. ಕರೆಯಲು ಬಂದವರಿಗೆ ಇಲ್ಲವೆನ್ನಲು ಅವನಿಗೆ ಬಾಯಿಯೇ ಬರುತ್ತಿರಲಿಲ್ಲ. ಯಲಬುರ್ಗಾದ ಈ ಶಾಲೆಗೂ ಅವನೇ ಹೂಂ ಎಂದಿದ್ದ. ಕರೆದುಕೊಂಡು ಬರುವುದು ಮಾತ್ರ ಹೆಂಡತಿಯ ಪಾಲಿನದು.

ಮುಖ್ಯೋಪಾಧ್ಯಾಯ ಗೋವಿಂದರಾಜ ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದರು. ತಡವಾಗಿ ಬಂದ ಮುಖ್ಯ ಅತಿಥಿಗಾಗಿ ಕಾದು ಕಾದು ಅವರ ಮುಖ ಬಾಡಿತ್ತು.

"ಅಕ್ಕಾರ, ಹುಡುಗ್ರು ಮಧ್ಯಾಹ್ನದಿಂದ ಕುಂತಾವ್ರಿ. ಒಂದ ಹಾಡು."

"ಶಾಲು ಹೊದಿಸಿ ಕಳಸ್ರಿ ಸರ. ಹಾಡಬ್ಯಾಡ ಅಂತ ಡಾಕ್ಟರು ಹೇಳ್ಯಾರ."

ಗೋವಿಂದರಾಜ ಪರದೆ ಸರಿಸಿ ಸಭೆಯತ್ತ ಇಣುಕಿದರು. ಬಳಿಕ ಏನೋ ಹೊಳೆದಂತೆ ಜೇಬಿನಿಂದ ಮೊಬೈಲು ತೆಗೆದರು. "ನನಗೂ ಮಗಳದಾಳ್ರಿ, ತಿಳೀತೈತಿ. ಗಂಟಲಿಗೆ ತ್ರಾಸ ಬ್ಯಾಡ. ಪರದೇಶದಾಗ ಹಾಡಿದ್ದು ಇದರಾಗ ಐತಿ, ಸ್ಪೀಕರಿಗೆ ಹಚ್ಚತೀವಿ. ಆಕಿ ಬರೇ ತುಟಿ ಆಡಿಸಲಿ."

ಶಿವಲಿಂಗಮ್ಮ ಮಗಳತ್ತ ನೋಡಿದಳು. ಹೇಮಾ ಆಗಲೇ ಎದ್ದು ಲಂಗದ ಮಡಿಕೆ ಸರಿಮಾಡಿಕೊಳ್ಳುತ್ತಿದ್ದಳು. ಮುಗಿಸಿದರಾಯಿತು ಎಂಬಂತೆ ತಲೆಯಾಡಿಸಿದಳು. ಹನ್ನೊಂದು ವರ್ಷದ ಮಗುವಿನ ತಲೆ ಹಾಗೆ ಆಡುವುದನ್ನು ಶಿವಲಿಂಗಮ್ಮ ಅದುವರೆಗೆ ಕಂಡಿರಲಿಲ್ಲ.

ಹಾಡು ಶುರುವಾಯಿತು. ಹೇಮಾ ಕೈಯಲ್ಲಿ ಮೈಕು ಹಿಡಿದು ತುಟಿ ಆಡಿಸಿದಳು. ಮೊದಲ ಚರಣ ಸರಿಯಾಗಿಯೇ ಹೋಯಿತು. ಎರಡನೆಯದರಲ್ಲಿ, ದನಿ ಮೇಲಕ್ಕೆ ಏರುವಲ್ಲಿ, ಅವಳು ಬಾಯಿ ಮುಚ್ಚಿದಳು. ಮೈಕು ಎದೆಯವರೆಗೆ ಇಳಿಯಿತು. ಹಾಡು ಏರುತ್ತಲೇ ಇತ್ತು. ಶಿವಲಿಂಗಮ್ಮ ಪರದೆಯ ಸಂದಿಗೆ ಕಣ್ಣು ಹಚ್ಚಿದಳು. ಈಗ ಯಾರಾದರೂ ಎದ್ದು ನಿಲ್ಲುತ್ತಾರೆ, ಈಗ ನಗುತ್ತಾರೆ ಎಂದು ಕಾದಳು. ಯಾರೂ ಏಳಲಿಲ್ಲ. ಮೊಬೈಲುಗಳು ಎತ್ತಿದ್ದಲ್ಲೇ ಇದ್ದವು. ಅತಿಥಿಗಳು ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಹೇಮಾ ಸಭೆಯನ್ನೇ ನೋಡುತ್ತ ನಿಂತಿದ್ದಳು. ಹಾಡು ಮುಗಿದಾಗ ಮೊದಲು ಸ್ಪೀಕರಿನೊಳಗಿನ ಪರದೇಶದ ಚಪ್ಪಾಳೆ ಕೇಳಿಸಿತು, ಅದರ ಬೆನ್ನಿಗೆ ಯಲಬುರ್ಗಾದ್ದು.

ಹಣ್ಣಿನ ಬುಟ್ಟಿ ಕೈಗಿಡುತ್ತ ಗೋವಿಂದರಾಜ ಗದ್ಗದಿತರಾಗಿದ್ದರು. "ಏನ್ ಹಾಡಿದ್ಳ್ರಿ ಅಕ್ಕಾರ! ಮೈಮ್ಯಾಲ ಮುಳ್ಳೆದ್ದುವು." ಅವರು ಸುಳ್ಳು ಹೇಳುತ್ತಿರಲಿಲ್ಲ. ಕಣ್ಣು ನಿಜಕ್ಕೂ ಒದ್ದೆಯಾಗಿತ್ತು.

ಕೊಪ್ಪಳದ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತು. ಊರು ದಾಟಿದ ಮೇಲೆ ಹೇಮಾ ತಾಯಿಯ ಕಿವಿಯ ಹತ್ತಿರ ಬಂದು, ದನಿಯಿಲ್ಲದ ಉಸಿರಿನಲ್ಲಿ ಹೇಳಿದಳು, "ಅವ್ವಾ, ನಾ ನಡುವ ಬಾಯಿ ಮುಚ್ಚಿದ್ದೆ."

"ನೋಡೀನಿ."

"ಬೇಕಂತನ ಮುಚ್ಚಿದೆ."

"ಯಾಕ?"

"ಯಾಕ ಅಂತ ಯಾರರ ಕೇಳತಾರೇನೋ, ನೋಡೂಣಂತ."

ಶಿವಲಿಂಗಮ್ಮ ಮಗಳ ತಲೆಯನ್ನು ಭುಜಕ್ಕೆ ಒರಗಿಸಿಕೊಂಡಳು. ಅವಳ ಮುಡಿಯ ಹೂವಿನ ಪಿನ್ನು ತನ್ನ ಕೆನ್ನೆಗೆ ಚುಚ್ಚಿದರೂ ಹಾಗೇ ಕೂತಳು.

ಫೋನು ಬಂತು. ಲಕ್ಷ್ಮಣಪ್ಪ. "ಮುಗೀತೇನು? ಛಲೋ ಆತಂತಲ್ಲ! ಐತವಾರ ಗಂಗಾವತ್ಯಾಗ ಕರದಾರ. ಹೂಂ ಅಂದೀನಿ."

"ಬರಂಗಿಲ್ಲ ಅಂತ ಹೇಳ್ರಿ."

"ಮಾತು ಕೊಟ್ಟೀನಲ್ಲ."

"ಮಾತು ನಿಮ್ದು. ಗಂಟಲು ಆಕೀದು." ಅವಳ ದನಿಗೆ ಮುಂದಿನ ಸೀಟಿನ ಮುದುಕ ತಿರುಗಿ ನೋಡಿದ. "ಇನ್ನ ಮ್ಯಾಲ ಯಾರು ಕರದರೂ ನೀವ ಹೋಗಿ ಹಾಡ್ರಿ."

"ಆಕೀಗೆ ಬ್ಯಾಸರಾಗೈತೇನು?"

"ನನಗ ಬ್ಯಾಸರಾಗೈತಿ."

"ಆತು," ಎಂದ ಲಕ್ಷ್ಮಣಪ್ಪ, ಸಣ್ಣ ದನಿಯಲ್ಲಿ. "ನಾನ ಹೇಳತೀನಿ ಬಿಡು."

ಕೊಪ್ಪಳದ ನಿಲ್ದಾಣದಲ್ಲಿ ಇಳಿದಾಗ ಬಿಸಿಲು ಇಳಿಯುತ್ತಿತ್ತು. ಕಂಬದ ಬುಡದಲ್ಲಿ ಐಸ್ ಕ್ಯಾಂಡಿಯವನ ಡಬ್ಬಿ. ಸ್ಪರ್ಧೆಗೆ ಆಯ್ಕೆಯಾದಂದಿನಿಂದ, ದನಿ ಕೆಟ್ಟೀತೆಂದು, ಹೇಮಾಳ ಗಂಟಲಿಗೆ ತಣ್ಣನೆಯದೇನೂ ಇಳಿದಿರಲಿಲ್ಲ. ಅವಳು ಕೇಳಲಿಲ್ಲ, ನೋಡಿದಳು ಅಷ್ಟೆ. ಶಿವಲಿಂಗಮ್ಮ ಹೋಗಿ ಎರಡು ತಂದಳು.

ಸಿಮೆಂಟಿನ ಕಟ್ಟೆಯ ಮೇಲೆ, ಹಣ್ಣಿನ ಬುಟ್ಟಿಯನ್ನು ನಡುವೆ ಇಟ್ಟುಕೊಂಡು, ತಾಯಿ ಮಗಳು ಕೂತರು. ಮುನಿರಾಬಾದಿನ ಬಸ್ಸು ಬಂದು ನಿಂತಿತು, ಜನ ನುಗ್ಗಿದರು, ಬಸ್ಸು ಹೊರಟಿತು. ಇಬ್ಬರೂ ಏಳಲಿಲ್ಲ. ಕ್ಯಾಂಡಿಯ ಕೆಂಪು ನೀರು ಹೇಮಾಳ ಮುಂಗೈಯಿಂದ ಮೊಣಕೈಗೆ ಇಳಿದು, ಲಂಗದ ಜರಿಯ ಮೇಲೆ ಹನಿಯುತ್ತಿತ್ತು.