ಲೋಟ ಕುಟ್ಟದ ಸಂಜೆ

ಹಾಟ್ ಟಬ್ಬಿನ ಹೀಟರು ಕೈಕೊಟ್ಟ ದಿನ ಅತ್ತೆಗಿಂತ ಹೆಚ್ಚು ಕಂಗಾಲಾದವಳು ನಾನು.

ಸಂಧಿವಾತ ಅತ್ತೆಯ ಮೈಯನ್ನೆಲ್ಲ ಬಿಗಿದುಹಾಕಿದೆ. ಬೆರಳುಗಳು ಸೊಟ್ಟಗಾಗಿವೆ, ತೋಳು ಭುಜದ ಮಟ್ಟಕ್ಕೂ ಏಳದು. ಅದಕ್ಕೆ ಮುಂಚೆ ಎಲ್ಲರಿಗಿಂತ ಮೊದಲು ಎದ್ದು ಮನೆಮಂದಿಗೆಲ್ಲ ನೀರು ಕಾಯಿಸಿಡುತ್ತಿದ್ದವರು ಅವರೇ. ಆ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟವರಲ್ಲ. ಈಗ ಹಿಂದಿನ ಬಾಡಿಗೆದಾರರು ಬಿಟ್ಟುಹೋದ ಹಳೆಯ ಟಬ್ಬೊಂದು ಹಿಂಬದಿಯ ಜಗಲಿಯಲ್ಲಿದೆ. ಸಂಜೆ ಅದರ ಬಿಸಿನೀರಿನಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತರೆ ಮಾತ್ರ ಅವರ ಮೈ ಅವರ ಮಾತು ಕೇಳುತ್ತದೆ. ತಾವೇ ಕೈಯೆತ್ತಿ ತಲೆಗೆ ನೀರು ಹಾಕಿಕೊಳ್ಳುತ್ತಾರೆ, ತಾವೇ ಬೆನ್ನು ಉಜ್ಜಿಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಅವರಿಗೆ ಯಾರೂ ಬೇಡ.

ನಿಜ ಹೇಳಬೇಕೆಂದರೆ, ಇಡೀ ದಿನದಲ್ಲಿ ನನ್ನದು ಅನ್ನುವ ಹೊತ್ತೂ ಅದೊಂದೇ. ಉಳಿದಂತೆ ಅತ್ತೆ ಕುರ್ಚಿಯ ಕೈಗೆ ಸ್ಟೀಲ್ ಲೋಟ ಕುಟ್ಟುವ ಸದ್ದು, ಟಣ್ ಟಣ್. ಕನ್ನಡಕ ಬಿತ್ತು, ಕಿಟಕಿ ಮುಚ್ಚು, ಕಾಲು ಜೋಮು ಹಿಡಿದಿದೆ. ಒಮ್ಮೊಮ್ಮೆ ಏನೂ ಇರುವುದಿಲ್ಲ, ನಾನು ಮನೆಯಲ್ಲಿದ್ದೇನೋ ಇಲ್ಲವೋ ಅಂತ ನೋಡುವುದಕ್ಕೆ ಅಷ್ಟೇ. ಆ ಲೋಟವನ್ನು ಮನಸ್ಸಿನಲ್ಲೇ ಎಷ್ಟು ಸಲ ಜಜ್ಜಿ ಚಪ್ಪಟೆ ಮಾಡಿದ್ದೇನೋ.

ಟಬ್ಬು ತಣ್ಣಗಾದ ಮೇಲೆ ಅವರ ಸ್ನಾನವೂ ನನ್ನ ತಲೆಗೇ ಬಂತು. ಅವರಿಗೆ ನಾಚಿಕೆ, ನನಗೆ ಸೊಂಟನೋವು. ಇಬ್ಬರೂ ಮುಖ ಗಂಟು ಹಾಕಿಕೊಂಡೇ ಬಚ್ಚಲಿನಿಂದ ಹೊರಬರುತ್ತಿದ್ದೆವು. ಗಂಡ ಲಾರಿ ಓಡಿಸುವವನು, ಮನೆಗೆ ನೆಂಟನ ಹಾಗೆ ಬಂದುಹೋಗುತ್ತಾನೆ. ಫೋನು ಮಾಡಿದರೆ, ಬಂದಾಗ ನೋಡುತ್ತೇನೆ ಅಂದ. ರಿಪೇರಿಯವನು ಮುಂದಿನ ತಿಂಗಳು ಅಂದ. ಇವರನ್ನು ನಂಬಿ ಕೂತರೆ ನಾನು ಕೆಟ್ಟೆ ಅನ್ನಿಸಿತು. ನೀರು ಕಾಯಿಸುವ ಹೊಸ ಎಲಿಮೆಂಟು ತರಿಸಿ ನಾನೇ ಸ್ಕ್ರೂಡ್ರೈವರ್ ಹಿಡಿದೆ. ಹೊಲಿಗೆಯಿಂದ ಹೊಟ್ಟೆ ಹೊರೆಯುವವಳು ನಾನು; ಮಿಷನ್ನನ್ನೇ ಬಿಚ್ಚಿ ಜೋಡಿಸುವವಳಿಗೆ ಇದೇನು ಮಹಾ.

ಮೇನ್ ಸ್ವಿಚ್ಚು ಆರಿಸಿದೆ, ಟಬ್ಬಿನ ನೀರೆಲ್ಲ ಹೊರಬಿಟ್ಟೆ. ಪಕ್ಕದ ಹಲಗೆ ಕಳಚಿ, ನೆಲಕ್ಕೆ ಹೊಟ್ಟೆಯೊತ್ತಿ ಮಲಗಿ ತಲೆ ತೂರಿಸಿದರೆ ಒಳಗೆ ಬರೀ ತುಕ್ಕು, ಜೇಡರ ಬಲೆ. ತಂತಿ ಬಿಚ್ಚುವ ಮುಂಚೆ ಒಂದೊಂದಕ್ಕೂ ಒಂದೊಂದು ಬಣ್ಣದ ನೂಲು ಕಟ್ಟಿ, ಅದು ಕೂರುವ ತಿರುಪಿಗೂ ಅದೇ ಬಣ್ಣ ಸುತ್ತಿದೆ. ದೊಡ್ಡ ನಟ್ಟು ಜಪ್ಪಯ್ಯ ಅಂದರೂ ಕದಲಲಿಲ್ಲ. ಕದಲಿದಾಗ ನನ್ನ ಬೆರಳ ಗೆಣ್ಣಿನ ಚರ್ಮವನ್ನೂ ಕಿತ್ತುಕೊಂಡಿತು. ಹಳೆಯ ಎಲಿಮೆಂಟು ಸುಣ್ಣ ಕಟ್ಟಿ ನಡುವೆ ಸೀಳಿತ್ತು. ಹೊಸದನ್ನು ಕೂರಿಸಿ, ರಬ್ಬರ್ ಉಂಗುರ ಹಾಕಿ, ನೂಲಿನ ಬಣ್ಣ ನೋಡಿಕೊಂಡು ತಂತಿ ಬಿಗಿದೆ. ಇದರ ಮಧ್ಯೆ ಲೋಟ ಎಷ್ಟು ಸಲ ಕೂಗಿತೋ ಲೆಕ್ಕವಿಲ್ಲ. ಒಂದು ಸಲ ತೆವಳಿಕೊಂಡು ಹೊರಬಂದು ಹೋದರೆ, ಆಯಿತಾ ಅಂತ ಕೇಳಿದರು, ಅಷ್ಟೇ.

ಟಬ್ಬು ತುಂಬಿ, ಎಲಿಮೆಂಟು ಕೂತ ಕೊಳವೆಯಲ್ಲಿ ನೀರು ಹರಿಯುವ ಮುಂಚೆ ಹೀಟರು ಹಾಕಿದರೆ ಅದು ನೀರಿಲ್ಲದೆ ಕಾದು ಸುಟ್ಟುಹೋಗುತ್ತದೆ. ಹಾಗಾಗದಂತೆ ತಡೆಯುವ ಪುಟ್ಟ ಸಾಧನವೊಂದು ಎಂದೋ ಕೆಟ್ಟಿತ್ತು. ನನ್ನ ಗಂಡ ಅದನ್ನು ತೆಗೆದು, ಎರಡು ತಂತಿ ನೇರವಾಗಿ ಸೇರಿಸಿ ಕೈತೊಳೆದುಕೊಂಡಿದ್ದ. ಇದೆಲ್ಲ ನನಗೆ ಗೊತ್ತಿತ್ತು. ಅತ್ತೆಗೆ ಹೇಳಬೇಕು ಅನ್ನಿಸಲಿಲ್ಲ. ಕುರ್ಚಿಯಿಂದ ಏಳುವುದಕ್ಕೂ ನನ್ನ ತೋಳು ಬೇಕಾದವರಿಗೆ, ಹೀಟರಿನ ಗುಂಡಿ ಒತ್ತಬೇಡಿ ಅಂತ ಯಾರಾದರೂ ಹೇಳುತ್ತಾರೆಯೇ?

ಪೈಪು ಹಾಕಿ ನೀರು ಬಿಟ್ಟೆ. ಕತ್ತಲಾಗುತ್ತಿತ್ತು, ಜಗಲಿಯ ದೀಪವೂ ಅದೇ ಲೈನಿನದು, ಹಾಗಾಗಿ ಮೇನ್ ಹಾಕಿದೆ. ಅಡುಗೆಮನೆಗೆ ಹೋಗಿ ನೀರು ಕುಡಿದು, ಒಂದು ನಿಮಿಷ ಅಂತ ಬೀರುವಿಗೆ ಒರಗಿ ನೆಲದ ಮೇಲೆ ಕೂತೆ. ಕಣ್ಣು ಯಾವಾಗ ಹತ್ತಿತೋ ತಿಳಿಯದು.

ಸುಟ್ಟ ವಾಸನೆಗೆ ಎಚ್ಚರವಾಯಿತು. ಎದ್ದೆನೋ ಬಿದ್ದೆನೋ ಅಂತ ಓಡಿದೆ. ಅತ್ತೆ ಗೋಡೆ ಹಿಡಿದುಕೊಂಡು ಟಬ್ಬಿನ ಪಕ್ಕ ನಿಂತಿದ್ದರು. ಹೀಟರಿನ ಕೆಂಪು ದೀಪ ಉರಿಯುತ್ತಿತ್ತು. ಟಬ್ಬಿನಲ್ಲಿ ನೀರು ಪಾದ ಮುಳುಗುವಷ್ಟೂ ಇರಲಿಲ್ಲ. ಮೇನ್ ಆರಿಸಿ, ನಲ್ಲಿ ನಿಲ್ಲಿಸಿ, ಮತ್ತೆ ಹೊಟ್ಟೆ ಮೇಲೆ ಮಲಗಿ ಬಿಚ್ಚಿದೆ. ಬಿಚ್ಚುವ ಅಗತ್ಯವೇನೂ ಇರಲಿಲ್ಲ. ಹೊಸ ಎಲಿಮೆಂಟು ಕಪ್ಪಾಗಿ ಸೊಟ್ಟಗೆ ತಿರುಚಿಕೊಂಡಿತ್ತು.

ಪಿತ್ತ ನೆತ್ತಿಗೇರಿತು. ಬಾಯಿಗೆ ಬಂದಂತೆ ಅಂದೆ. ನಿಮ್ಮನ್ನು ಯಾರು ಕೇಳಿದ್ದರು ಅಂದೆ. ಬೆಳಗಿನಿಂದ ಲೋಟ ಕುಟ್ಟಿ ಕುಟ್ಟಿ ನನ್ನ ಪ್ರಾಣ ತಿಂದವರಿಗೆ, ಈಗೊಂದು ಸಲ ಕುಟ್ಟುವುದಕ್ಕೆ ಏನು ಧಾಡಿಯಾಗಿತ್ತು ಅಂತಲೂ ಕೇಳಿದೆ.

"ಕುಟ್ಟೋಣ ಅಂತಾನೇ ಲೋಟ ತಗೊಂಡೆ ಕಣೇ," ಅಂದರು ಅತ್ತೆ. "ಅಡುಗೆಮನೆ ಕಡೆ ನೋಡಿದ್ರೆ ನೀನು ನೆಲದ ಮೇಲೇ ನಿದ್ದೆ ಹೋಗಿದ್ದೆ, ಬಾಯಿ ತೆರ್ಕೊಂಡು. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ನೀನು ಏಳೋ ಹೊತ್ತಿಗೆ ನೀರಾದ್ರೂ ಕಾದಿರ್ಲಿ ಅಂದ್ಕೊಂಡೆ."

ಕುರ್ಚಿಯಿಂದ ಜಗಲಿಯವರೆಗೆ ಹಿಡಿದುಕೊಳ್ಳಲು ಗೋಡೆ ಬಿಟ್ಟರೆ ಏನೂ ಇಲ್ಲ, ನಡುವೆ ಹೊಸ್ತಿಲು ಬೇರೆ. ಬಿದ್ದ ಕನ್ನಡಕಕ್ಕೂ ನನ್ನನ್ನು ಕರೆಯುವವರು ತಾವಾಗಿಯೇ ಎದ್ದು, ಅಷ್ಟು ದೂರ ಒಬ್ಬರೇ, ಸದ್ದಾಗದ ಹಾಗೆ ಬಂದಿದ್ದರು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ತೋಳು ಕೊಟ್ಟು ಕರೆತಂದು ಕೂರಿಸಿದೆ. ಇದ್ದದ್ದರಲ್ಲಿ ದೊಡ್ಡ ಪಾತ್ರೆಯಲ್ಲಿ ನೀರು ಕಾಯಿಸಿ, ಬಕೆಟ್ಟಿಗೆ ಸುರಿದು, ಅವರ ಪಾದಗಳನ್ನು ಅದರಲ್ಲಿ ಇಳಿಸಿದೆ. ಅಲ್ಲೇ ನೆಲದ ಮೇಲೆ, ಅವರ ಕುರ್ಚಿಗೆ ಒರಗಿ ಕೂತುಬಿಟ್ಟೆ. ನನ್ನ ತಲೆ ಅವರ ಮಡಿಲಿನ ಮಟ್ಟಕ್ಕೆ ಬಂತು.

ಅಷ್ಟು ಕೆಳಗಿದ್ದ ತಲೆಗೆ ಅವರು ತೋಳು ಎತ್ತಬೇಕಾಗಿಯೇ ಇರಲಿಲ್ಲ. ಸೊಟ್ಟ ಬೆರಳುಗಳು ನನ್ನ ಕೂದಲೊಳಗೆ ಇಳಿದವು. ಜೇಡರ ಬಲೆಯನ್ನು ಎಳೆ ಎಳೆಯಾಗಿ ಬಿಡಿಸಿ ತೆಗೆಯತೊಡಗಿದರು. ಒಂದೆರಡು ಕಡೆ ಕೂದಲೂ ಕಿತ್ತುಬಂತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಅದು ಅವರಿಗೂ ಗೊತ್ತಿತ್ತು.

ಬಕೆಟ್ಟಿನ ನೀರು ಆರುತ್ತಾ ಬಂದಾಗ, ಇನ್ನೊಂದು ಪಾತ್ರೆ ಕಾಯಿಸಿ ತರುತ್ತೇನೆ ಅಂತ ಏಳಹೋದೆ. ಅತ್ತೆ ನನ್ನ ಹೆಗಲು ಒತ್ತಿದರು.

"ಕೂತ್ಕೋ," ಅಂದರು. "ಈಗ ನಂಗೇನೂ ಬೇಡ."